ದಮ್ಕಿಯೋ, ಧಮಕಿಯೋ?

ನಮ್ಮ ಕತೆಯೊಂದು ಅಚ್ಚಿಗೆ ಹೋಗುವ ಮುನ್ನ ಪತ್ರಿಕೆಯೊಂದರ ಕಚೇರಿಯಿಂದ ಫೋನು ಬಂತು. ಕರಡು ತಿದ್ದುವ ಹುಡುಗ. ತುಂಬ ವಿನಯವಂತ. "ಸಾರ್, ನಿಮ್ಮ ಕತೆಯಲ್ಲಿ ಒಂದು ಕಡೆ ದಮ್ಕಿ ಅಂತಿದೆ, ಇನ್ನೊಂದು ಕಡೆ ಧಮಕಿ ಅಂತಿದೆ. ಎರಡರಲ್ಲಿ ಯಾವುದು ಸರಿ? ಒಂದೇ ಥರ ಮಾಡಿಬಿಡಲಾ?" ಎಂದು ಕೇಳಿದ. ನಮಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. "ಎರಡು ದಿನ ಟೈಮು ಕೊಡಪ್ಪಾ" ಎಂದು ಫೋನಿಟ್ಟೆವು.

(ಇಲ್ಲಿ 'ನಾವು' ಎಂದು ಬರೆದುಕೊಳ್ಳುತ್ತಿರುವುದನ್ನು ದೊಡ್ಡಸ್ತಿಕೆ ಎಂದು ತಿಳಿಯಬೇಡಿ. ಮನೆಯ ಉರ್ದುವಿನ 'ಹಮ್' ನಾಲಿಗೆಗೆ ಅಂಟಿಕೊಂಡಿದೆ. ಕನ್ನಡಕ್ಕೆ ಬಂದಾಗ ಅದು 'ನಾವು' ಆಗಿಯೇ ಬರುತ್ತದೆ. ಅಲ್ಲದೆ ಈ ಬರಹದಲ್ಲಿ ನಮ್ಮ ಜೊತೆ ನಮ್ಮ ಅಬ್ಬಾ ಕೂಡ ಇದ್ದಾರೆ.)

ಒಂದು ಪದದ ಕಾಗುಣಿತಕ್ಕೆ ಎರಡು ದಿನ ಬೇಕೆ ಎಂದು ನೀವು ಕೇಳಬಹುದು. ಬೆಳ್ಳೂರಿನ ಉರ್ದು ಶಾಲೆಯಲ್ಲಿ ಅಲಿಫ್ ಬೇ ಕಲಿತು, ಆಮೇಲೆ ಕನ್ನಡ ಹೈಸ್ಕೂಲಿನಲ್ಲಿ ಹಳಗನ್ನಡ ಬಾಯಿಪಾಠ ಮಾಡಿದವರಿಗೆ ಬೇಕಾಗುತ್ತದೆ. ನಮಗೆ ಒಂದು ಪದದ ಹಿಂದೆ ಯಾವಾಗಲೂ ಎರಡು ಮನೆಗಳು ಕಾಣಿಸುತ್ತವೆ. ಯಾವ ಮನೆಯ ಬಾಗಿಲು ತಟ್ಟಬೇಕು ಎಂಬುದೇ ನಮ್ಮ ಸಮಸ್ಯೆ. ಈ ಸಲವಂತೂ ಮೂರನೆಯ ಮನೆಯೊಂದು ಎದುರಾಯಿತು. ಅದು ಇಂಗ್ಲಿಷಿನ ಮನೆ.

ಬೆಳ್ಳೂರಿನವರಿಗೆ ಇಂಗ್ಲಿಷ್ ತೀರಾ ಪರಕೀಯವೇನಲ್ಲ. ನಾಗಮಂಗಲ ತಾಲ್ಲೂಕಿನ ಈ ಸಣ್ಣ ಊರನ್ನು ತಮ್ಮ ಹೆಸರಿನ ಮೊದಲ ಅಕ್ಷರದಲ್ಲಿ ಹೊತ್ತು ತಿರುಗಿದವರು ಬಿ.ಎಂ.ಶ್ರೀ. ಬೆಳ್ಳೂರು ಮೈಲಾರಯ್ಯ ಶ್ರೀಕಂಠಯ್ಯ. ಅವರು ಹುಟ್ಟಿದ್ದು 1884ರಲ್ಲಿ, ತುಮಕೂರು ಜಿಲ್ಲೆಯ ಸಂಪಿಗೆಯಲ್ಲಿ. ಆದರೆ ಹೆಸರಿನಲ್ಲಿ ಉಳಿದದ್ದು ಬೆಳ್ಳೂರು. ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಲೇ ಕನ್ನಡ ಕಟ್ಟಿದವರು, ಇಂಗ್ಲಿಷ್ ಕವಿತೆಗಳನ್ನು ಕನ್ನಡದ ನಾಲಿಗೆಗೆ ಒಗ್ಗಿಸಿ 'ಇಂಗ್ಲಿಷ್ ಗೀತಗಳು' ಕೊಟ್ಟವರು, 1928ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದವರು. ನಮ್ಮ ಕನ್ನಡ ಮೇಷ್ಟ್ರು ಅವರ ಹೆಸರು ಬಂದಾಗಲೆಲ್ಲ "ನಮ್ಮೂರಿನವರು ಕಣ್ರೋ" ಎಂದು ಎದೆ ಸೆಟೆಸುತ್ತಿದ್ದರು. ಸಂಪಿಗೆಯವರು ಏನಂದುಕೊಳ್ಳುತ್ತಿದ್ದರೋ!

ಇರಲಿ. ನಾವು ತೆರೆದ ಮೂರನೆಯ ಮನೆಯ ಹೆಸರು 'ಹಾಬ್ಸನ್-ಜಾಬ್ಸನ್'. ಅದೊಂದು ನಿಘಂಟು. ಇಂಡಿಯಾದಲ್ಲಿದ್ದ ಇಂಗ್ಲಿಷರು ತಮ್ಮ ಮಾತಿನಲ್ಲಿ ಬೆರೆಸಿಕೊಂಡ ನಮ್ಮ ಪದಗಳ ದೊಡ್ಡ ಗಂಟು. ಹೆನ್ರಿ ಯೂಲ್ ಎಂಬ ಸ್ಕಾಟ್ಲೆಂಡಿನ ಮಿಲಿಟರಿ ಇಂಜಿನಿಯರು ಮತ್ತು ಎ.ಸಿ. ಬರ್ನೆಲ್ ಎಂಬ ಮದ್ರಾಸ್ ಸಿವಿಲ್ ಸರ್ವಿಸಿನ ಅಧಿಕಾರಿ ಸೇರಿ ಕಟ್ಟಿದ್ದು. 1886ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಅದನ್ನು ನೋಡಲು ಬರ್ನೆಲ್ ಇರಲಿಲ್ಲ, 1882ರಲ್ಲೇ ತೀರಿಕೊಂಡಿದ್ದ. ಈ ಬರ್ನೆಲ್ ನಮಗೆ ದೂರದವನಲ್ಲ. ದಕ್ಷಿಣ ಕನ್ನಡದಲ್ಲಿ ನ್ಯಾಯಾಧೀಶನಾಗಿದ್ದ, ತುಳುವರ ಭೂತಾರಾಧನೆಯ ಬಗ್ಗೆ ಬರೆದ. ದಕ್ಷಿಣ ಭಾರತದ ಲಿಪಿಗಳ ಬಗ್ಗೆ ಅವನು ಬರೆದ ಪುಸ್ತಕ 1874ರಲ್ಲಿ ಅಚ್ಚಾದದ್ದು ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿನಲ್ಲಿ. ಕಿಟ್ಟೆಲ್ ನಿಘಂಟನ್ನು 1894ರಲ್ಲಿ ಹೊರತಂದದ್ದೂ ಅದೇ ಮಿಶನ್ನು.

ನಿಘಂಟಿನ ಹೆಸರಿನಲ್ಲೇ ಒಂದು ಕತೆಯಿದೆ. ಮೊಹರಂ ಮೆರವಣಿಗೆಯಲ್ಲಿ ಜನ ಎದೆ ಬಡಿದುಕೊಂಡು "ಯಾ ಹಸನ್! ಯಾ ಹುಸೇನ್!" ಎಂದು ಕೂಗುವುದನ್ನು ಇಂಗ್ಲಿಷ್ ಸಿಪಾಯಿಗಳು ಕೇಳಿದರು. ಅವರ ಕಿವಿಗೆ ಅದು "ಹಾಬ್ಸನ್ ಜಾಬ್ಸನ್" ಎಂದು ಕೇಳಿಸಿತು. ಹಾಬ್ಸನ್, ಜಾಬ್ಸನ್ ಎರಡೂ ಅವರ ಊರಿನ ಮನೆತನದ ಹೆಸರುಗಳು. ಗೊತ್ತಿಲ್ಲದ ಶೋಕವೊಂದು ಗೊತ್ತಿರುವ ಎರಡು ಹೆಸರುಗಳಾಗಿ ಬದಲಾಯಿತು. ಇದನ್ನು ಓದಿ ನಮಗೆ ಸಿಟ್ಟು ಬರಬೇಕಿತ್ತೋ ಏನೋ, ಬರಲಿಲ್ಲ. ನಮ್ಮ ಕಡೆ ಹಳ್ಳಿಗಳಲ್ಲಿ ಮೊಹರಂ 'ಬಾಬಯ್ಯನ ಹಬ್ಬ' ಆಗಿಲ್ಲವೇ? ಎಲ್ಲ ಕಿವಿಗಳೂ ತಮಗೆ ಗೊತ್ತಿರುವುದನ್ನೇ ಕೇಳಿಸಿಕೊಳ್ಳುತ್ತವೆ. ಆದರೆ ಒಂದು ವ್ಯತ್ಯಾಸವಿದೆ. ಬಾಬಯ್ಯ ಎಂದವರು ಕೊಂಡದ ಮುಂದೆ ನಮ್ಮ ಜೊತೆ ನಿಂತು ಕೈಮುಗಿದರು. ಹಾಬ್ಸನ್-ಜಾಬ್ಸನ್ ಎಂದವರು ರಸ್ತೆಯ ಆಚೆ ಬದಿಯಲ್ಲಿ ನಿಂತು ನೋಡಿದರು.

ಆ ನಿಘಂಟಿನಲ್ಲಿ ಧಮಕಿಯನ್ನು ಹುಡುಕುತ್ತಾ ಹೋದಾಗ ಸಿಕ್ಕಿದ್ದು ಒಂದು ಇಂಗ್ಲಿಷ್ ಕ್ರಿಯಾಪದ. ಡಿ, ಯು, ಎಂ, ಬಿ, ಸಿ, ಓ, ಡಬ್ಲ್ಯೂ. ಓದುವಾಗ 'ಡಮ್‌ಕೌ'. ನಡುವಿನ 'ಬಿ' ಬಾಯಿ ಬಿಡುವುದಿಲ್ಲ. ಇಂದು ಯಾವ ಇಂಗ್ಲಿಷರನ್ನು ಕೇಳಿದರೂ ಈ ಪದ ಗೊತ್ತಿರಲಾರದು. ಅರ್ಥ ಹೀಗೆ: ಒಬ್ಬರನ್ನು ಗದರಿಸಿ ಬಾಯಿ ಮುಚ್ಚಿಸುವುದು. ನಮ್ಮ ಕನ್ನಡದ 'ದಬಾಯಿಸು' ಇದೆಯಲ್ಲ, ಸರಿಸುಮಾರು ಅದೇ.

ಪದದ ವೇಷ ನೋಡಿ. 'ಡಂಬ್' ಎಂದರೆ ಇಂಗ್ಲಿಷಿನಲ್ಲಿ ಮೂಕ. 'ಕೌ' ಎಂದರೆ ಹಸು ಮಾತ್ರವಲ್ಲ, ಹೆದರಿಸಿ ಅಡಗಿಸು ಎಂಬ ಕ್ರಿಯಾಪದವೂ ಹೌದು. ಅದಕ್ಕೂ ಹಸುವಿಗೂ ಸಂಬಂಧವಿಲ್ಲ. ಎರಡನ್ನೂ ಸೇರಿಸಿದರೆ 'ಮೂಕನಾಗುವಂತೆ ಹೆದರಿಸು'. ನೋಡಿದವರು ಇದು ಅಪ್ಪಟ ಇಂಗ್ಲಿಷ್ ಪದವೆಂದೇ ನಂಬಬೇಕು. ಆದರೆ ಅದು ನಮ್ಮ ಕಡೆಯದು. ಇಂಗ್ಲಿಷ್ ಕೋಟು ಹಾಕಿಕೊಂಡಿದೆ, ಅಷ್ಟೆ.

ನಮ್ಮ ಕಡೆಯದು ಸರಿ, ಯಾವ ಪದ? ಇಲ್ಲೇ ಜಗಳ ಶುರುವಾಗುವುದು. 1886ರಲ್ಲಿ ಯೂಲ್ ಮತ್ತು ಬರ್ನೆಲ್ ಹೇಳಿದ್ದು: ಇದು ಹಿಂದೂಸ್ತಾನಿಯ 'ದಮ್ ಖಾನಾ'ದಿಂದ ಬಂದಿದೆ. ದಮ್ ಎಂದರೆ ಪಾರಸಿಯಲ್ಲಿ ಉಸಿರು. ದಮ್ ಖಾನಾ ಎಂದರೆ ಉಸಿರು ತಿನ್ನುವುದು, ಅಂದರೆ ಸುಮ್ಮನಿರುವುದು. 1903ರಲ್ಲಿ ಈ ನಿಘಂಟನ್ನು ಪರಿಷ್ಕರಿಸಿದ ವಿಲಿಯಂ ಕ್ರೂಕ್ ಎಂಬ ಅಧಿಕಾರಿ ಪಕ್ಕದಲ್ಲಿ ಕಂಸ ಹಾಕಿ ತನ್ನ ಮಾತು ಸೇರಿಸಿದ: ಅಲ್ಲ, ಇದು 'ಧಮ್ಕಾನಾ'ದಿಂದ ಬಂದಿರುವ ಸಂಭವವೇ ಹೆಚ್ಚು. ಅದಕ್ಕೆ ಅವನು ತೋರಿಸಿದ ಆಧಾರ 1884ರಲ್ಲಿ ಬಂದ ಪ್ಲಾಟ್ಸ್‌ನ ಉರ್ದು ನಿಘಂಟು. ಧಮ್ಕಾನಾ ಎಂದರೆ ಗದರುವುದು, ಬೆದರಿಸುವುದು. ನಮ್ಮ ಧಮಕಿಯ ಮನೆತನ.

ಎರಡು ಮೂಲಗಳು. ಒಂದು, ಬಾಯಿ ಮಾಡಿದವನ ಪದ. ಇನ್ನೊಂದು, ಬಾಯಿ ಮುಚ್ಚಿದವನ ಪದ. ಒಂದೇ ಇಂಗ್ಲಿಷ್ ಕ್ರಿಯಾಪದದೊಳಗೆ ಈ ಇಬ್ಬರೂ ಹೇಗೆ ಕೂತರು?

ಉತ್ತರ ಕಾಗುಣಿತದಲ್ಲಿದೆ. ಉರ್ದುವಿನಲ್ಲಿ ಬರೆದರೆ ಗೊಂದಲವೇ ಇಲ್ಲ. 'ದಮ್ ಖಾವೊ' ಎನ್ನುವಾಗ ಮೊದಲಿಗೆ ಬರೀ ದಾಲ್, ಆಮೇಲೆ ಕಾಫ್‌ಗೆ ದೊ-ಚಶ್ಮಿ ಹೇ. 'ಧಮ್ಕಾವೊ' ಎನ್ನುವಾಗ ಮೊದಲಿನ ದಾಲ್‌ಗೇ ದೊ-ಚಶ್ಮಿ ಹೇ, ಕಾಫ್ ಬರಿದು. ದೊ-ಚಶ್ಮಿ ಹೇ ಎಂದರೆ ಎರಡು ಕಣ್ಣಿನ ಹಕಾರ. ನಮ್ಮ ಉರ್ದು ಉಸ್ತಾದರು ಹಲಗೆಯ ಮೇಲೆ ಎರಡು ದುಂಡು ಕಣ್ಣು ಬರೆದು, "ಈ ಕಣ್ಣು ಬಿಟ್ಟಲ್ಲೆಲ್ಲ ಬಾಯಿಂದ ಗಾಳಿ ಬರಬೇಕು" ಎನ್ನುತ್ತಿದ್ದರು. ಕನ್ನಡದಲ್ಲಾದರೆ ದಕಾರದ ಹೊಟ್ಟೆ ಸೀಳಿದರೆ ಧಕಾರ. ಆದರೆ ಇಂಗ್ಲಿಷ್ ಕಿವಿಗೆ ದ, ಧ, ಡ ಎಲ್ಲವೂ ಒಂದೇ ಡಿ. ಕ, ಖ ಒಂದೇ. ಎರಡೂ ಪದಗಳಿಂದ ಆ ಗಾಳಿ ತೆಗೆದುಬಿಡಿ. ದಮ್ ಖಾವೊ ಕೂಡ 'ದಮ್ಕಾವ್', ಧಮ್ಕಾವೊ ಕೂಡ 'ದಮ್ಕಾವ್'. ಬೆದರಿಸಿದವನಿಗೂ ಬೆದರಿದವನಿಗೂ ಇದ್ದ ವ್ಯತ್ಯಾಸ ಒಂದು ಉಸಿರಿನದು. ಅದು ಹೋದರೆ ಇಬ್ಬರ ಗುರುತೂ ಸಿಗುವುದಿಲ್ಲ.

ಆ ಗಾಳಿಗೆ ನಮ್ಮ ವ್ಯಾಕರಣ ಇಟ್ಟಿರುವ ಹೆಸರು ಗೊತ್ತಲ್ಲ, ಮಹಾಪ್ರಾಣ. ದೊಡ್ಡ ಉಸಿರು. ಪಾರಸಿಯ ದಮ್ ಕೂಡ ಉಸಿರೇ. ಒಂದು ಉಸಿರಿನ ಕತೆಯನ್ನು ಇನ್ನೊಂದು ಉಸಿರು ಹೇಳುತ್ತಿತ್ತು. ಶಾಲೆಯಲ್ಲಿ ಇದನ್ನು ನಮಗೆ ಯಾರೂ ತೋರಿಸಿಕೊಡಲಿಲ್ಲ.

ಇಂಗ್ಲಿಷರನ್ನು ಮಾತ್ರ ಆಡಿಕೊಳ್ಳುವಂತಿಲ್ಲ. ನಮ್ಮ ಮಂಡ್ಯದ ಕಡೆ ನಾಲಿಗೆಗೂ ಮಹಾಪ್ರಾಣಕ್ಕೂ ಆಗಿಬರುವುದಿಲ್ಲ. ಧರ್ಮ ದರ್ಮವಾಗುತ್ತದೆ, ಭೂಮಿ ಬೂಮಿಯಾಗುತ್ತದೆ, ಹಾಲು ಆಲಾಗುತ್ತದೆ. ಅದು ತಪ್ಪೆಂದು ನಾವು ಬಹಳ ದಿನ ನಂಬಿದ್ದೆವು. ಅಚ್ಚಗನ್ನಡದ ಪದಗಳಿಗೆ ಮಹಾಪ್ರಾಣದ ಅಗತ್ಯವೇ ಇಲ್ಲ, ಕನ್ನಡದ ಬರಹದಿಂದ ಆ ಅಕ್ಷರಗಳನ್ನು ಬಿಡಬಹುದು ಎಂದು ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ವಾದಿಸಿದಾಗ ದೊಡ್ಡ ಚರ್ಚೆಯೇ ಆಯಿತು. ಅವರ ವಾದವನ್ನು ಪೂರ್ತಿ ಒಪ್ಪಬೇಕಿಲ್ಲ. ಆದರೆ ಬೆಳ್ಳೂರಿನ ಸಂತೆಯಲ್ಲಿ 'ದಮ್ಕಿ' ಎನ್ನುವವನು ಧಮಕಿ ಎನ್ನಲು ಬಾರದೆ ಸೋತವನಲ್ಲ, ತನ್ನ ನಾಲಿಗೆಗೆ ತಕ್ಕಂತೆ ಆಡುವವನು ಎಂಬ ತಿಳಿವು ನಮಗೆ ಬಂದದ್ದು ಇಂಥ ಬರಹಗಳಿಂದ.

ಇನ್ನೊಂದು ವಿಷಯ ಹೇಳಿ ಮುಂದೆ ಹೋಗೋಣ. ಡಮ್‌ಕೌಗೆ ಹಾಬ್ಸನ್-ಜಾಬ್ಸನ್‌ನಲ್ಲಿ ಅಣ್ಣತಮ್ಮಂದಿರಿದ್ದಾರೆ. ಹಿಡಿಯುವುದಕ್ಕೆ 'ಪಕರೋ', ತಂದು ಹಚ್ಚುವುದಕ್ಕೆ 'ಲಗೌ', ಕಟ್ಟುಕತೆ ಮಾಡುವುದಕ್ಕೆ 'ಬನೌ', ಪುಸಲಾಯಿಸುವುದಕ್ಕೆ 'ಫೂಜಿಲೌ', ಗಾಬರಿಪಡಿಸುವುದಕ್ಕೆ 'ಗಬ್ರೌ'. ಇವೆಲ್ಲ ಒಂದು ಕಾಲಕ್ಕೆ ಇಂಗ್ಲಿಷರ ಬಾಯಲ್ಲಿ ಓಡಾಡಿದ ಕ್ರಿಯಾಪದಗಳು. ಎಲ್ಲದರ ಬಾಲದಲ್ಲೂ ಒಂದೇ ಸದ್ದು ಇದೆ, ಗಮನಿಸಿ. ಪಕಡೋ, ಲಗಾವೊ, ಬನಾವೊ, ಫುಸ್ಲಾವೊ, ಘಬ್ರಾವೊ. ಎಲ್ಲವೂ ಅಪ್ಪಣೆಯ ರೂಪ. ಸಾಹೇಬನಿಗೆ ನಮ್ಮ ಕ್ರಿಯಾಪದಗಳು ಗೊತ್ತಿದ್ದದ್ದು ಅಪ್ಪಣೆ ಕೊಡುವಷ್ಟು ಮಾತ್ರ. ಮಾಡಿದೆ, ಮಾಡುತ್ತೇನೆ, ಮಾಡಬಹುದಿತ್ತು, ಮಾಡಲಾರೆ ಎಂಬುದೆಲ್ಲ ಅವನಿಗೆ ಬೇಕಾಗಲಿಲ್ಲ. ಹಾಗಾಗಿ ಅಪ್ಪಣೆಯನ್ನೇ ಪದದ ಮೂಲರೂಪವೆಂದು ತಿಳಿದು ಊರಿಗೆ ಒಯ್ದ.

ಕನ್ನಡ ಏನು ಮಾಡಿತು? ಅಂಥವೇ ಪದಗಳನ್ನು ತನ್ನ ಬಾಲ ಹಚ್ಚಿ ಒಳಗೆ ಕರೆದುಕೊಂಡಿತು. ಪುಸಲಾಯಿಸು, ಬದಲಾಯಿಸು, ಚಲಾಯಿಸು, ಜಮಾಯಿಸು, ದಬಾಯಿಸು. ಪುಸಲಾಯಿಸಿದಳು, ಪುಸಲಾಯಿಸಿದರೂ, ಪುಸಲಾಯಿಸಲಾರದೆ ಎಂದು ಬೇಕಾದ ಹಾಗೆ ತಿರುಗಿಸಿಕೊಂಡಿತು. ಘಬ್ರಾನಾದ ಮನೆಯಿಂದ ಬಂದ 'ಗಾಬರಿ'ಯನ್ನಂತೂ ಬೆಳ್ಳೂರಿನ ಯಾವ ಅಜ್ಜಿಯೂ ಹೊರಗಿನದೆಂದು ತಿಳಿಯುವುದಿಲ್ಲ. ನೆರೆಮನೆಯವರ ಮಾತು ಕಲಿತವರಿಗೂ ಆಳುಗಳ ಮಾತು ಕಲಿತವರಿಗೂ ಇರುವ ವ್ಯತ್ಯಾಸ ಇದು.

ಆ ಅಪ್ಪಣೆಯ ಪದಗಳು ಸಾಮ್ರಾಜ್ಯದ ಜೊತೆಯಲ್ಲೇ ಸತ್ತವು. ಬದುಕಿ ಉಳಿದದ್ದು 'ಲೂಟ್'. ಅದು ಇಂದಿಗೂ ಇಂಗ್ಲಿಷಿನಲ್ಲಿ ದಿನನಿತ್ಯದ ಪದ. ಅದು ಹೇಗೆ ಉಳಿಯಿತೆಂದು ತಿಳಿಯಲು ನಾವು ದೂರ ಹೋಗಬೇಕಿಲ್ಲ. 1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ನಡೆದ ಸೂರೆ ಎಷ್ಟಿತ್ತೆಂದರೆ, ಅದನ್ನು ನಿಲ್ಲಿಸಲು ಆರ್ಥರ್ ವೆಲ್ಲೆಸ್ಲಿ ತನ್ನದೇ ಸೈನ್ಯದ ನಾಲ್ವರನ್ನು ಗಲ್ಲಿಗೆ ಹಾಕಿಸಬೇಕಾಯಿತು. ಅಂದು ಹೋದ ಟಿಪ್ಪುವಿನ ಮರದ ಹುಲಿ ಇಂದಿಗೂ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ವಸ್ತು ಉಳಿದಿದೆ, ಪದವೂ ಉಳಿದಿದೆ.

ಇಷ್ಟು ಓದಿ ಆ ಹುಡುಗನಿಗೆ ಫೋನು ಮಾಡಬಹುದಿತ್ತು. ಆದರೆ ಯೂಲ್‌ನ ಉಸಿರು ತಿನ್ನುವ ಮಾತು ನಮ್ಮನ್ನು ಬಿಡಲಿಲ್ಲ. ಅದು ನಮ್ಮ ಮನೆಯ ಮಾತು. ಅಬ್ಬಾ ದಿನಕ್ಕೆ ಹತ್ತು ಸಲ "ಜರಾ ದಮ್ ಖಾವೊ" ಎನ್ನುತ್ತಿದ್ದರು. ಅನ್ನ ಆಗಿಲ್ಲವೆಂದು ಅತ್ತರೆ ದಮ್ ಖಾವೊ. ಈದ್‌ಗೆ ಹೊಸ ಬಟ್ಟೆ ಬಂದಿಲ್ಲವೆಂದರೆ ದಮ್ ಖಾವೊ. ತಾಳು ಎಂದು ಅರ್ಥ. ಆ ಪದದ ಜೊತೆ 1993ರ ಒಂದು ಮಧ್ಯಾಹ್ನವೂ ಎದ್ದು ಬಂತು.

ಅಬ್ಬಾ ಹುಣಸೆಮರಗಳನ್ನು ಗುತ್ತಿಗೆ ಹಿಡಿಯುತ್ತಿದ್ದರು. ಕಾಯಿ ಬಲಿಯುವ ಮುಂಚೆ ಮರ ನೋಡಿ, ಇಷ್ಟು ಹಣ್ಣು ಬಂದೀತೆಂದು ಅಂದಾಜು ಹಾಕಿ, ಹಣ ಕಟ್ಟಿ, ಬೇಸಿಗೆಯಲ್ಲಿ ಬಡಿಸಿ, ಮನೆಯಲ್ಲಿ ಹೆಂಗಸರು ಮಕ್ಕಳೆಲ್ಲ ಕೂತು ಬೀಜ ಬಿಡಿಸಿ ಮಾರುವ ವ್ಯಾಪಾರ. ಆ ವರ್ಷ ರಸ್ತೆ ಬದಿಯ ಕೆಲವು ಮರಗಳನ್ನು ಹರಾಜಿನಲ್ಲಿ ಹಿಡಿದಿದ್ದರು. ಅದಕ್ಕೆ 800 ರೂಪಾಯಿ ಠೇವಣಿ. ಹಣ್ಣು ಇಳಿಸಿದ ಮೇಲೆ ಅದು ವಾಪಸು ಬರಬೇಕು. ಅದಕ್ಕೊಂದು ಅರ್ಜಿ ಬೇಕು. ಅಬ್ಬಾಗೆ ಉರ್ದು ಓದಲು ಬರೆಯಲು ಬರುತ್ತಿತ್ತು, ಕನ್ನಡ ಮಾತು ಮಾತ್ರ. ನಾವಾಗ ಎಂಟನೇ ತರಗತಿ. ಕನ್ನಡದಲ್ಲಿ ತರಗತಿಗೇ ಮೊದಲು. ಅರ್ಜಿ ಬರೆದವರು ನಾವು.

ಅಬ್ಬಾನ ಹೆಸರಿನ ನಡುವೆ ಒಂದು 'ಫೇ' ಇದೆ. ಊರಿನವರ ಬಾಯಲ್ಲಿ ಅದು 'ಪ'. ಹಣ ಕಟ್ಟಿಸಿಕೊಂಡವರು ರಸೀದಿಯಲ್ಲಿ ಕಿವಿಗೆ ಬಿದ್ದಂತೆ 'ಪ' ಎಂದೇ ಬರೆದಿದ್ದರು, ಹಿಂದೊಂದು 'ಸಾಬ್' ಸೇರಿಸಿ. ನಾವು ಬಿಡುತ್ತೇವೆಯೇ? ಅರ್ಜಿಯಲ್ಲಿ ಹೆಸರನ್ನು ಪೂರ್ತಿಯಾಗಿ, ಶುದ್ಧವಾಗಿ, ಹೊಟ್ಟೆ ಸೀಳಿದ 'ಫ'ಕಾರದಲ್ಲಿ ಬರೆದೆವು. ಕೆಳಗೆರಡು ಚುಕ್ಕೆಯನ್ನೂ ಇಟ್ಟೆವು. ಅಮ್ಮಿಗೆ ಓದಿ ತೋರಿಸಿದಾಗ ಆಕೆಯ ಮುಖ ಅರಳಿದ್ದು ನೆನಪಿದೆ.

ಕಚೇರಿಯ ಮೇಜಿನ ಹಿಂದಿದ್ದವರು ರಸೀದಿಯನ್ನೂ ಅರ್ಜಿಯನ್ನೂ ಪಕ್ಕಪಕ್ಕ ಇಟ್ಟು ನೋಡಿದರು. "ಏನ್ ಸಾಬ್ರೆ, ಇದ್ರಲ್ಲೊಂದ್ ಎಸ್ರು, ಅದ್ರಲ್ಲೊಂದ್ ಎಸ್ರು? ಯಾರ್ದೋ ದುಡ್ಡು ಯಾರೋ ಎತ್ಕೊಂಡ್ ಹೋಗಕ್ಕೆ ಇದೇನ್ ಛತ್ರವಾ?" ಎಂದರು. ಅಬ್ಬಾ, "ಮಗು ಬರ್ದಿರೋದು ಸ್ವಾಮಿ, ಎರಡೂ ನಂದೇ" ಎಂದರು. ಅವರ ದನಿ ಏರಿತು. ಇನ್ನೊಂದು ಸಲ ಹೀಗೆ ಸುಳ್ಳು ಕಾಗದ ತಂದರೆ "ಪೊಲೀಸ್ನೋರ್ಗೆ ಏಳ್ತೀನಿ" ಎಂದರು. ಸುತ್ತ ನಿಂತವರು ತಿರುಗಿ ನೋಡಿದರು. ಅಬ್ಬಾ ಏನೋ ಹೇಳಲು ಬಾಯಿ ತೆರೆದವರು ಹಾಗೇ ಮುಚ್ಚಿಕೊಂಡರು. ಅರ್ಜಿ, ರಸೀದಿ, ರುಜು, ದಾಖಲೆ, ತಾರೀಖು ಎಂದು ಆ ಮೇಜಿನ ಮೇಲೆ ಓಡಾಡುತ್ತಿದ್ದ ಪದಗಳೆಲ್ಲ ಅಬ್ಬಾನ ಉರ್ದುವಿನ ಪದಗಳೇ ಆಗಿದ್ದವು. ಅಬ್ಬಾನಿಗೆ ಮಾತ್ರ ಅಲ್ಲಿ ಮಾತಿರಲಿಲ್ಲ.

ನಮಗಾದರೂ ಬಾಯಿ ಇತ್ತು. ಫಕಾರ ಪಕಾರದ ವಿಷಯ ಆ ಕೋಣೆಯಲ್ಲಿ ಚೆನ್ನಾಗಿ ಗೊತ್ತಿದ್ದವರು ನಾವೊಬ್ಬರೇ. "ಸಾರ್, ಇದು ಬರೀ ಕಾಗುಣಿತ" ಎಂದು ಒಂದು ಮಾತು ಸಾಕಿತ್ತು. ಅದು ಬರಲಿಲ್ಲ. ಅಂದು ಆ ಕೋಣೆಯಲ್ಲಿ ಉಸಿರು ತಿಂದವರು ಇಬ್ಬರು.

ಇಷ್ಟೇ ಆಗಿದ್ದರೆ ಈ ಪ್ರಸಂಗವನ್ನು ಬರೆಯುತ್ತಿರಲಿಲ್ಲ. ಬಡವರ ಮನೆಯ ಎಲ್ಲರ ಬಳಿಯೂ ಇಂಥದೊಂದು ಕಚೇರಿಯ ಕತೆ ಇರುತ್ತದೆ, ಸಾಬರಾಗಬೇಕೆಂದೇನೂ ಇಲ್ಲ. ಹೇಳಬೇಕಾದದ್ದು ಹೊರಗೆ ಬಂದ ಮೇಲಿನ ಮಾತು. ಕಚೇರಿಯ ಮೆಟ್ಟಿಲ ಮೇಲೆ ನಮಗೆ ಅಳು, ಸಿಟ್ಟು, ನಾಚಿಕೆ ಎಲ್ಲವೂ ಒಟ್ಟಿಗೆ ಬಂತು. ಅದನ್ನೆಲ್ಲ ಅಬ್ಬಾನ ಮೇಲೆ ತೀರಿಸಿಕೊಂಡೆವು. "ನೀವು ಹೆಸರು ಹೇಳುವಾಗ ಸರಿಯಾಗಿ ಹೇಳಬೇಕು ಅಬ್ಬಾ. ಹಣ ಕಟ್ಟುವಾಗಲೇ ಫ ಅನ್ನಬೇಕಿತ್ತು. ಕನ್ನಡ ಸರಿಯಾಗಿ ಆಡೋಕೂ ಬರಲ್ಲ ನಿಮಗೆ. ಎಲ್ಲರೂ ನಗ್ತಾರೆ" ಎಂದೆವು. ಕನ್ನಡದಲ್ಲೇ ಎಂದೆವು, ಸುತ್ತಲಿನವರಿಗೆ ಕೇಳಲಿ ಎಂದು. ಅಬ್ಬಾ ನಮ್ಮನ್ನು ನೋಡಿದರು. ಏನೂ ಹೇಳಲಿಲ್ಲ. ಬಸ್‌ ಸ್ಟ್ಯಾಂಡಿನವರೆಗೂ, ಬಸ್ಸಿನಲ್ಲೂ, ಬೆಳ್ಳೂರು ಕ್ರಾಸಿನಲ್ಲಿ ಇಳಿದು ಊರೊಳಗೆ ನಡೆಯುವಾಗಲೂ ಮಾತಿಲ್ಲ.

ಒಳಗೆ ಒಬ್ಬರು ಅವರ ಬಾಯಿ ಮುಚ್ಚಿಸಿದ್ದರು. ಹೊರಗೆ ನಾವು ಮುಚ್ಚಿಸಿದೆವು. ಒಳಗಿನವರಿಗೆ ಅಬ್ಬಾ ಯಾರೂ ಅಲ್ಲ. ನಾವು ಅವರ ಮಗು. ನಿಘಂಟಿನಲ್ಲಿ ಡಮ್‌ಕೌ ಪದದ ಅರ್ಥ ಓದಿದಾಗ ನಮಗೆ ಕಂಡ ಮುಖ ಆ ಮೇಜಿನ ಹಿಂದಿನವರದಲ್ಲ, ಮೆಟ್ಟಿಲ ಮೇಲೆ ನಿಂತ ನಮ್ಮದೇ. ಆ ಕ್ರಿಯಾಪದಕ್ಕೆ ಕರ್ತೃವಾಗಲು ಸಾಹೇಬನೇ ಆಗಬೇಕಿಲ್ಲ. ನಾಲ್ಕು ಅಕ್ಷರ ಹೆಚ್ಚಿಗೆ ಕಲಿತ ಮಕ್ಕಳೂ ಸಾಕು.

ಇನ್ನೊಂದು ಮಾತು ಬಹಳ ವರ್ಷಗಳ ಮೇಲೆ ಹೊಳೆಯಿತು. ಒಂದು ಫಕಾರಕ್ಕಾಗಿ ನಮ್ಮನ್ನು ಹೊರಗೆ ಅಟ್ಟಿದವರು 'ಹೆಸರು' ಎನ್ನಲಿಲ್ಲ, 'ಎಸ್ರು' ಎಂದರು. 'ಹೇಳ್ತೀನಿ' ಎನ್ನಲಿಲ್ಲ, 'ಏಳ್ತೀನಿ' ಎಂದರು. ಅವರ ನಾಲಿಗೆಯೂ ಅಬ್ಬಾನ ನಾಲಿಗೆಯೂ ಒಂದೇ ನೀರು ಕುಡಿದವು. ಅಕ್ಷರದ ಶುದ್ಧಿ ಇಬ್ಬರಲ್ಲಿ ಯಾರಿಗೂ ಇರಲಿಲ್ಲ. ಮೇಜು ಮಾತ್ರ ಒಬ್ಬರಿಗೆ ಇತ್ತು.

ಅಬ್ಬಾನಿಗೆ ಕೊನೆಯ ವರ್ಷಗಳಲ್ಲಿ ದಮ್ಮು. ಹುಣಸೆ ಬಡಿದ ಧೂಳೋ, ಬೀಡಿಯೋ, ಚಳಿಗಾಲದಲ್ಲಿ ಹಾಸಿಗೆಯ ಮೇಲೆ ಕೂತೇ ರಾತ್ರಿ ಕಳೆಯುತ್ತಿದ್ದರು. ಕನ್ನಡದವರು ಆ ಕಾಯಿಲೆಗೆ ಇಟ್ಟ ಹೆಸರೂ ಅದೇ ಪಾರಸಿಯ ಉಸಿರು ನೋಡಿ. ಬಿರಿಯಾನಿಗೆ ಹಾಕುವುದೂ ದಮ್, ಹಿಟ್ಟು ಮೆತ್ತಿ ಪಾತ್ರೆಯ ಬಾಯಿ ಮುಚ್ಚಿ ಉಸಿರನ್ನು ಒಳಗೇ ಹಿಡಿದಿಡುವುದು. 'ಏಕ್‌ದಮ್' ಎಂದರೂ ಅದೇ, ಒಂದೇ ಉಸಿರಿಗೆ. ಬೇಯುವುದಕ್ಕೂ ಬೇನೆಗೂ ಅವಸರಕ್ಕೂ ಒಂದೇ ಪದ ಸಾಕಾಗಿದೆ.

ಅಂಥ ಒಂದು ರಾತ್ರಿ ಪಕ್ಕದಲ್ಲಿ ಕೂತು ಬೆನ್ನು ನೀವುತ್ತಿದ್ದಾಗ, ನಾವು ಆ ದಿನದ ಮಾತನ್ನು ತೆಗೆದೆವು. ತಪ್ಪಾಯಿತು ಎನ್ನುವುದು ನಮ್ಮ ಉದ್ದೇಶ. ಅಬ್ಬಾನಿಗೆ ಮರೆತೇ ಹೋಗಿರಬಹುದು ಎಂದುಕೊಂಡಿದ್ದೆವು. ಮರೆತಿರಲಿಲ್ಲ. "ಅವತ್ತು ಹೆದರಿದ್ರಾ ಅಬ್ಬಾ?" ಎಂದು ಕೇಳಿದೆವು. ಇಲ್ಲವೆಂದು ತಲೆಯಾಡಿಸಿದರು. ಮುಂದಿನ ವರ್ಷವೂ ಮರ ಹಿಡಿಯಬೇಕಿತ್ತು, ಅದೇ ಮೇಜಿಗೆ ಹೋಗಬೇಕಿತ್ತು, ಅದಕ್ಕೇ ದಮ್ ತಿಂದೆ ಎಂದರು. ಸ್ವಲ್ಪ ಹೊತ್ತು ಉಸಿರಿಗಾಗಿ ತಡಕಾಡಿದರು. ಆಮೇಲೆ ನಕ್ಕು ಹೇಳಿದರು: "ದಮ್ ಖಾನೆ ಕೂ ಭೀ ದಮ್ ಹೋನಾ, ಬೇಟಾ." ಉಸಿರು ತಿನ್ನೋದಕ್ಕೂ ಉಸಿರು ಬೇಕು, ಮಗು.

ಮೆಟ್ಟಿಲ ಮೇಲಿನ ಮಾತಿನ ಬಗ್ಗೆ ಅವರು ಏನೂ ಹೇಳಲಿಲ್ಲ. ನಾವೂ ಕೇಳಲಿಲ್ಲ.

ಅವರು ಹೋದ ಮೇಲೆ ತಗಡಿನ ಟ್ರಂಕಿನಲ್ಲಿ ಹಳೆಯ ಕಾಗದಗಳು ಸಿಕ್ಕವು. ಅವುಗಳಲ್ಲಿ ಒಂದು ಅರ್ಜಿಯ ನಕಲು. ಅದೇ ಠೇವಣಿಯದು, ನಮ್ಮ ಅರ್ಜಿಯಾದ ಹನ್ನೆರಡು ದಿನಗಳ ನಂತರದ ತಾರೀಖು. ಅಕ್ಷರ ನಮ್ಮದಲ್ಲ, ಯಾರೋ ದೊಡ್ಡವರ ಬರವಣಿಗೆ. ಹೆಸರಿನ ನಡುವೆ ಸ್ಪಷ್ಟವಾದ 'ಪ'. ಹಿಂದೆ 'ಸಾಬ್'. ಕೆಳಗೆ ಅಬ್ಬಾನ ಉರ್ದು ರುಜು, ಅದರಲ್ಲಿ ಮಾತ್ರ ಫೇ, ತಲೆಯ ಮೇಲೆ ಒಂದೇ ಚುಕ್ಕೆ. ಹಣ ಬಂದದ್ದಕ್ಕೆ ಮೂಲೆಯಲ್ಲಿ ಒಂದು ಗುರುತು. ಬರೆಯಲು ನಮ್ಮನ್ನು ಕೇಳದೆ ಬೇರೆಯವರ ಬಳಿ ಹೋಗಿದ್ದರು. ತಪ್ಪು ಕಾಗುಣಿತ ಬರೆ ಎಂದು ಮಗುವಿಗೆ ಹೇಳಲು ಅವರಿಗೆ ಮನಸ್ಸಾಗಲಿಲ್ಲವೋ, ಅಥವಾ ಇನ್ನೊಮ್ಮೆ ಬೈಸಿಕೊಳ್ಳಲು ಧೈರ್ಯವಾಗಲಿಲ್ಲವೋ. ಎರಡರಲ್ಲಿ ಯಾವುದು ನಿಜವೆಂದು ಹೇಳಲು ಅಬ್ಬಾ ಇಲ್ಲ. ಮೊದಲನೆಯದೇ ಇರಲಿ ಎಂದು ನಾವು ಆಸೆಪಡುತ್ತೇವೆ.

ಹಾಗಾದರೆ ಡಮ್‌ಕೌ ಪದದ ಮೂಲ ಯಾವುದು? ವ್ಯಾಕರಣದ ದೃಷ್ಟಿಯಿಂದ ಕ್ರೂಕ್‌ನ ಮಾತೇ ಗಟ್ಟಿ. ದಮ್ ಖಾನಾ ಸುಮ್ಮನಿರುವವನ ಕ್ರಿಯೆ, ಇನ್ನೊಬ್ಬರ ಮೇಲೆ ಮಾಡುವಂಥದಲ್ಲ. ಧಮ್ಕಾನಾ ಇನ್ನೊಬ್ಬರ ಮೇಲೆ ಮಾಡುವಂಥದು. ಡಮ್‌ಕೌ ಕೂಡ ಹಾಗೆಯೇ. ನ್ಯಾಯ ಕೇಳಿದರೆ ಗೆಲ್ಲುವವನು ಕ್ರೂಕ್. ಆದರೂ ಯೂಲ್ ಮತ್ತು ಬರ್ನೆಲ್ಲರನ್ನು ತಳ್ಳಿಹಾಕಲು ನಮಗೆ ಮನಸ್ಸು ಬರುವುದಿಲ್ಲ. ಬೆದರಿಸುವ ಪದದ ಬುಡ ಕೆದಕಿದಾಗ ಅವರಿಗೆ ಕಂಡದ್ದು ಎದುರಿನಲ್ಲಿ ಉಸಿರು ನುಂಗಿಕೊಂಡು ನಿಂತ ಮನುಷ್ಯ. ಅವರ ವ್ಯುತ್ಪತ್ತಿ ತಪ್ಪಿರಬಹುದು, ಅವರು ಕಂಡ ಮನುಷ್ಯ ಸುಳ್ಳಲ್ಲ. ನಾವು ಅವನ ಜೊತೆ ಬಸ್ಸಿನಲ್ಲಿ ಬಂದಿದ್ದೇವೆ.

ಎರಡು ದಿನ ಕಳೆದು ಆ ಹುಡುಗನಿಗೆ ಫೋನು ಮಾಡಿದೆವು. ನಮ್ಮ ಕತೆಯಲ್ಲಿ ಒಬ್ಬ ಮುದುಕ ಇದ್ದಾನೆ, ಬೆಳ್ಳೂರಿನವನು. ಅವನ ಬಾಯಲ್ಲಿ 'ದಮ್ಕಿ' ಇರಲಿ, ಅವನನ್ನು ತಿದ್ದುವುದು ಬೇಡ. ಕತೆ ಹೇಳುವವರ ಮಾತಿನಲ್ಲಿ 'ಧಮಕಿ' ಇರಲಿ, ಅವರು ಶಾಲೆಗೆ ಹೋದವರು. ಎರಡೂ ಸರಿ ಎಂದೆವು. ಹುಡುಗ ಸ್ವಲ್ಪ ಅನುಮಾನಿಸಿದ. "ಓದುಗರು ಅಚ್ಚಿನ ತಪ್ಪು ಅಂದ್ಕೋತಾರೆ ಸಾರ್" ಎಂದ.

"ಅಂದ್ಕೊಳ್ಳಲಿ ಬಿಡಪ್ಪಾ" ಎಂದೆವು. ಗದರಿದ ಹಾಗೆ ಕೇಳಿಸಿತೇನೋ, ಹುಡುಗ ಸುಮ್ಮನಾದ. ತಕ್ಷಣ ದನಿ ತಗ್ಗಿಸಿ, "ಅಲ್ಲ, ನಿನಗೇನನ್ನಿಸುತ್ತೆ ಹೇಳು" ಎಂದು ಕೇಳಿದೆವು. ಅವನು ಹೇಳಲು ಶುರು ಮಾಡಿದ. ನಾವು ದಮ್ ತಿಂದು ಕೇಳಿಸಿಕೊಂಡೆವು.